ಕಾಗೆ ರೆಕ್ಕೆಯ ನೀಲಿ

ಆಕೆಯ ಬಲಗೈ ಉಗುರುಗಳ ಸಂದಿಯಲ್ಲಿ ನೀಲಿ ಕೂತಿದೆ. ಎಷ್ಟು ತಿಕ್ಕಿದರೂ ಹೋಗದು. ಬಟ್ಟೆಯ ಮೇಲಿನ ಯಾವ ಕಲೆಯನ್ನಾದರೂ ತೆಗೆಯುತ್ತಾಳೆ ಎಂದು ಹೆಸರಾದವಳು ತನ್ನ ಕೈಯ ಕಲೆಯನ್ನು ಮಾತ್ರ ಅದರ ಪಾಡಿಗೆ ಬಿಟ್ಟಿದ್ದಾಳೆ. ಓಣಿಯವರು ಆಕೆಯನ್ನು ನೀಲಕ್ಕ ಎಂದು ಕರೆಯತೊಡಗಿದ್ದು ಆ ಕೈ ನೋಡಿಯೇ. ಅದಕ್ಕೆ ಮೊದಲು ಆಕೆಗೆ ಅಂಥ ಹೆಸರೇನೂ ಇರಲಿಲ್ಲ. ಆಸ್ಪತ್ರೆಯ ಬಟ್ಟೆ ಒಗೆಯುವ ಮನೆಯಲ್ಲಿ ಎಲ್ಲರಿಗೂ ಅಕ್ಕ, ಅಷ್ಟೇ.

ಆ ಒಗೆಯುವ ಮನೆಯ ನೆಲ ಸದಾ ಒದ್ದೆ. ಗೋಡೆಗೆ ಒರಗಿ ದೊಡ್ಡ ಡ್ರಮ್ಮುಗಳು, ಮೂಲೆಯಲ್ಲಿ ಸೋಡಾ ಪುಡಿಯ ಚೀಲ, ಕಿಟಕಿಯ ಕಟ್ಟೆಯ ಮೇಲೆ ಪೆರಾಕ್ಸೈಡಿನ ಕ್ಯಾನು. ಗಾಯ ತೊಳೆಯಲು ಹಾಕಿದರೆ ಬುಸುಬುಸು ನೊರೆ ಬರುತ್ತದಲ್ಲ, ನೋಡಲು ನೀರಿನ ಹಾಗೇ ಇರುವ ಔಷಧಿ, ಅದೇ. ರಕ್ತದ ಕಲೆಯ ಮೇಲೆ ನೀಲಕ್ಕ ಅದನ್ನು ಸುರಿಯುತ್ತಿದ್ದಳು. ಕಲೆ ಕುದ್ದು ನೊರೆಯಾಗಿ ಏಳುವಾಗ ಯಾರದೋ ನೋವು ಬಟ್ಟೆ ಬಿಟ್ಟು ಹೊರಟಿತು ಎಂದುಕೊಳ್ಳುತ್ತಿದ್ದಳು. ಆಮೇಲೆ ಸೋಪು, ಸೋಡಾ, ಮೂರು ಸಲ ತಿಳಿನೀರು, ಕೊನೆಯಲ್ಲಿ ಹುಳಿ ನೀರು. ಬಟ್ಟೆಯಲ್ಲಿ ಉಳಿದ ಸೋಡಾ ರೋಗಿಗಳ ಚರ್ಮವನ್ನು ಸುಡಬಾರದೆಂದು ಕೊನೆಯ ನೀರಿಗೆ ಹುಳಿ ಬೆರೆಸುವುದು ಅಲ್ಲಿಯ ಪದ್ಧತಿ.

ಒಂದು ವರ್ಷ ಆಸ್ಪತ್ರೆಯವರು ಒಗೆತವನ್ನು ಹೊರಗಿನ ಕಂಪನಿಗೆ ವಹಿಸಿದರು. ಡ್ರಮ್ಮುಗಳು ಗುಜರಿಗೆ ಹೋದವು, ನೀಲಕ್ಕ ಮನೆಗೆ ಬಂದಳು. ಗಂಡ ಮುಂದಿನ ಕೋಣೆಯಲ್ಲಿ ಇಸ್ತ್ರಿ ಅಂಗಡಿ ಇಟ್ಟಿದ್ದ. ಮಂಡಿ ನೋವಿನ ಮನುಷ್ಯ, ನಾಲಿಗೆಗೆ ಮಾತ್ರ ಯಾವ ನೋವೂ ಇರಲಿಲ್ಲ.

"ಬಾ ಬಾ. ನೀನು ಒಗೆ, ನಾನು ತೀಡ್ತೀನಿ. ಊರಿನ ಮಾನವೆಲ್ಲ ನಮ್ಮ ಕೈಯಲ್ಲೇ ಇರ್ಲಿ," ಎಂದ.

ಆ ಅಂಗಡಿಗೆ ಒಂದು ದಿನ ಹೆಣ್ಣುಮಕ್ಕಳ ಶಾಲೆಯ ರಸಾಯನಶಾಸ್ತ್ರದ ಟೀಚರು ತಮ್ಮ ಬಿಳಿ ಕೋಟು ತಂದರು. ತೋಳಿನ ತುಂಬ ನೀಲಿ ಚುಕ್ಕೆ.

"ಇದೇನು ಟೀಚರಮ್ಮ, ಆಕಾಶಕ್ಕೆ ಸುಣ್ಣ ಹೊಡೆಯೋಕೆ ಹೋಗಿದ್ರಾ?" ಎಂದ ಗಂಡ.

ಟೀಚರು ನಕ್ಕರು. "ಬಟ್ಟೆಗೆ ನೀಲಿ ಹಾಕ್ತಿದ್ದೆ. ನನ್ನ ಕೋಟಿನ ಮೇಲೆ ಚೆನ್ನಾಗಿ ಕೂತ್ಕೊಳ್ಳುತ್ತೆ, ಕೂರಬೇಕಾದ ಕಡೆ ಮಾತ್ರ ಕೂರಲ್ಲ. ಬರೀ ತೇಪೆ ತೇಪೆ."

"ಒಣಬಟ್ಟೆಗೆ ಹಾಕಿದ್ರೆ ಹಾಗೇ," ಎಂದಳು ನೀಲಕ್ಕ. "ಮೊದಲು ನೆನೆಸಿ. ಆಮೇಲೆ ಕೈ ನಿಲ್ಲಿಸದೆ ಆಡಿಸ್ತಾ ಇರಿ. ನಿಂತ ಕಡೆ ಕಲೆ."

"ನೀವೇ ಒಂದು ಸಲ ಬಂದು ಆಡಿಸಿ ತೋರಿಸ್ತೀರಾ?"

ಹಾಗೆ ಹೋದವಳು ಅಲ್ಲೇ ಕೆಲಸಕ್ಕೆ ನಿಂತಳು.

ಶಾಲೆಯ ಹಿಂದೆ, ಮೊದಲು ಚೆಂಡು, ಬಲೆ ಇಡುತ್ತಿದ್ದ ಕೋಣೆ. ಈಗಲೂ ಒಳಗೆ ಹಳೆಯ ರಬ್ಬರಿನ ವಾಸನೆ. ಟೀಚರು ಅಲ್ಲಿ ಪುಟ್ಟ ವಿದ್ಯುತ್ ಕೋಶಗಳನ್ನು ಮಾಡುತ್ತಿದ್ದರು. ಔಷಧಿ ಬಾಟಲಿಯ ಮುಚ್ಚಳವೇ ಬಟ್ಟಲು. ಅದರೊಳಗೆ ಎರಡು ಪುಟ್ಟ ತುಂಡುಗಳು ಎದುರುಬದುರು. ಒಂದು ಟೀ ಸೋಸುವ ಜರಡಿಯಂಥ ನಿಕ್ಕಲ್ ಜಾಲರಿ, ಇನ್ನೊಂದು ಇದ್ದಿಲಿನ ಎಳೆಗಳಿಂದ ನೇಯ್ದ ಕಪ್ಪು ಬಟ್ಟೆ. ಆ ಬಟ್ಟೆಗೆ ಹಚ್ಚುವುದು ಕಬ್ಬಿಣದ ಅಂಶವಿರುವ ಒಂದು ನೀಲಿ. ಕಪ್ಪಿನ ಮೇಲೆ ನೀಲಿ ಕಾಣುವುದೇ ಕಷ್ಟ. ಬೆಳಕಿಗೆ ಓರೆಯಾಗಿ ಹಿಡಿದರೆ ಕಾಗೆಯ ರೆಕ್ಕೆಯ ಮೇಲೆ ಜಾರುವ ಮಿಂಚಿನಂತೆ ಒಮ್ಮೆ ಕಂಡು ಮರೆಯಾಗುತ್ತದೆ. ಬಟ್ಟಲಿಗೆ ಸುರಿಯುವುದು ನೀಲಕ್ಕನ ಹಳೆಯ ಗೆಳೆಯ, ಅದೇ ಗಾಯದ ನೀರು, ಹುಳಿಗೆಂದು ಚಿಟಿಕೆ ನಿಂಬೆ ಉಪ್ಪು ಬೆರೆಸಿ. ಸುರಿದ ಗಳಿಗೆಯಿಂದ ಕೋಶ ವಿದ್ಯುತ್ ಕೊಡುತ್ತದೆ.

"ಬೇರೆ ಕೋಶಗಳಲ್ಲಿ ಎರಡು ಕಡೆಗೂ ಬೇರೆ ಬೇರೆ ನೀರು. ಅವು ಬೆರೆಯದ ಹಾಗೆ ನಡುವೆ ಒಂದು ತೆಳು ಪೊರೆ ಇರುತ್ತೆ," ಟೀಚರು ವಿವರಿಸಿದ್ದರು. "ಅದು ದುಬಾರಿ. ಒಣಗಿಸಿಟ್ಟರೆ ಬಿರಿಯುತ್ತೆ. ಇದರಲ್ಲಿ ಪೊರೆಯೇ ಇಲ್ಲ. ಎರಡಕ್ಕೂ ಒಂದೇ ನೀರು. ಜಾಲರಿ ಆ ನೀರಿಂದ ತಗೊಳ್ಳುತ್ತೆ, ನೀಲಿ ಬಟ್ಟೆ ಆ ನೀರಿಗೇ ಕೊಡುತ್ತೆ. ಒಂದೇ ಅಡುಗೆಮನೆಯಲ್ಲಿ ಅತ್ತೆ ಸೊಸೆ ಇದ್ದ ಹಾಗೆ. ಗೋಡೆ ಬೇಡ, ಒಬ್ಬರ ಕೆಲಸಕ್ಕೆ ಒಬ್ಬರು ಕೈ ಹಾಕದಿದ್ದರೆ ಸಾಕು."

"ಗೋಡೆ ಕಟ್ಟೋದೇ ಸುಲಭ ಟೀಚರಮ್ಮ," ಎಂದಳು ನೀಲಕ್ಕ.

ಮೊದಮೊದಲು ಅವಳ ಕೈಯೂ ತಪ್ಪಿತು. ಚೆನ್ನಾಗಿರಲಿ ಎಂದು ನೀಲಿಯನ್ನು ಎರಡು ಪಟ್ಟು ಬಳಿದಳು. ಒಣಗಿದ ಮೇಲೆ ಹಳೆಯ ಗೋಡೆಯ ಬಣ್ಣದಂತೆ ಉದುರಿತು. ತೆಳುವಾಗಿ ಹಚ್ಚುವುದನ್ನು ಟೀಚರು ಕಲಿಸಿದರು. ಬಟ್ಟೆಗೆ ಜಾಲರಿ ತಾಗಿದರೆ ಕೋಶ ಕೆಡುತ್ತಿತ್ತು. ಅದಕ್ಕೆ ಅವಳು ನಡುವೆ ದಪ್ಪ ದಾರದ ಹೊಲಿಗೆ ಹಾಕಿ ಎರಡನ್ನೂ ಅಂತರದಲ್ಲಿ ನಿಲ್ಲಿಸಿದಳು. ಆರು ಮುಚ್ಚಳಗಳನ್ನು ಒಂದು ಪಟ್ಟಿಗೆ ಅಂಟಿಸಿ ತಂತಿಯಿಂದ ಬೆಸೆದರೆ ಅಕ್ಕಿಕಾಳಿನಷ್ಟು ದೀಪ ಉರಿಯುತ್ತಿತ್ತು. ಶಾಲೆಯ ವಸ್ತುಪ್ರದರ್ಶನಕ್ಕೆ ಇಡೋಣ ಎಂದು ಟೀಚರಿಗಿತ್ತು.

ನೀಲಕ್ಕನ ಒಬ್ಬಳೇ ಮಗಳು ಆರೋಗ್ಯ ಕೇಂದ್ರದಲ್ಲಿ ಹೆರಿಗೆ ಮಾಡಿಸುವ ನರ್ಸು. ನದಿಯಾಚೆಯ ಮನೆಗಳೆಲ್ಲ ಅವಳ ಪಾಲಿಗೆ. ದೋಣಿ ದಾಟಿ, ಕೆಸರು ತುಳಿದು, ಹೆಗಲ ಚೀಲದೊಂದಿಗೆ ಹೋಗಬೇಕು. ಒಂದು ಬೆಳಿಗ್ಗೆ ಅವಳು ಮನೆಗೆ ಬಂದವಳೇ ಗೋಡೆಗೆ ಒರಗಿ ಕೂತಳು. ತುಟಿಯ ಅಂಚು ಒಡೆದಿತ್ತು.

"ಏನಾಯ್ತೇ?"

"ಫೋನನ್ನ ಬಾಯಲ್ಲಿ ಕಚ್ಚಿಕೊಂಡು ಬೆಳಕು ಬಿಟ್ಟುಕೊಂಡಿದ್ದೆ ಅಮ್ಮ. ಹೊಕ್ಕುಳಿಗೆ ದಾರ ಕಟ್ಟೋಷ್ಟರಲ್ಲಿ ಅದೂ ಸತ್ತಿತು."

"ಟಾರ್ಚು?"

"ಅದರ ಸೆಲ್ಲು ಯಾವಾಗಲೋ ಸೋರಿ ಬಿಳಿ ಪುಡಿ ಕಟ್ಟಿತ್ತು. ಬೇಕಾದಾಗ ಉರಿದ ಟಾರ್ಚನ್ನ ನಾನಂತೂ ನೋಡಿಲ್ಲ. ಮಿಕ್ಕಿದ್ದೆಲ್ಲ ಬೆರಳಲ್ಲೇ ತಡವಿಕೊಂಡು ಮಾಡಿದೆ."

"ಮಗು?"

"ಚೆನ್ನಾಗಿದೆ. ತಾಯಿಯೂ ಚೆನ್ನಾಗಿದಾಳೆ. ನನ್ನ ಪುಣ್ಯ."

"ಹೆದರಿಕೆ ಆಯ್ತಾ?"

"ಹೆದರೋಕೆ ಪುರುಸೊತ್ತು ಎಲ್ಲಿತ್ತು? ಈಗ ಆಗ್ತಿದೆ." ಮಗಳು ಕೈ ಚಾಚಿದಳು. ನೀಲಕ್ಕ ಅದನ್ನು ತನ್ನ ನೀಲಿ ಬೆರಳುಗಳಲ್ಲಿ ಹಿಡಿದು, ಬೆಚ್ಚಗಾಗುವವರೆಗೆ ಬಿಡಲಿಲ್ಲ.

ಆ ದಿನ ಕೋಣೆಗೆ ಹೋದವಳು ಚಪ್ಪಲಿ ಬಿಡುವ ಮೊದಲೇ ಹೇಳಿದಳು: "ಟೀಚರಮ್ಮ, ಇದು ಪ್ರದರ್ಶನಕ್ಕೆ ಬೇಡ. ನರ್ಸುಗಳ ಚೀಲಕ್ಕೆ ಹೋಗ್ಬೇಕು."

"ಬೆಳಕು ಸಣ್ಣದು ನೀಲಕ್ಕ."

"ದಾರದ ಗಂಟು ಕಂಡರೆ ಸಾಕು. ಗಾಯದ ನೀರು ಹೇಗೂ ಅವರ ಚೀಲದಲ್ಲಿ ಇದ್ದೇ ಇರುತ್ತೆ. ಒಣಗಿದ್ದಷ್ಟು ದಿನ ಇದು ಮಲಗಿರುತ್ತೆ, ಸುರಿದಾಗ ಏಳುತ್ತೆ. ಸೋರೋಕೆ ಒಳಗೆ ಏನಿದೆ?"

ಟೀಚರು ಒಂದು ಮುಚ್ಚಳವನ್ನು ಬೆರಳಲ್ಲೇ ತಡವಿ ನೋಡಿ, "ಕತ್ತಲಲ್ಲಿ ಬಿಚ್ಚೋಕೆ ಬರಬೇಕಲ್ಲ," ಎಂದರು. ಅದು ಒಪ್ಪಿಗೆ ಎಂದು ನೀಲಕ್ಕನಿಗೆ ಅರ್ಥವಾಯಿತು.

ಅದಕ್ಕೂ ಅವಳೇ ಉಪಾಯ ಹುಡುಕಿದಳು. ಒಳಗಿನ ತುಂಡುಗಳು ಅಲುಗಾಡದಂತೆ ಪ್ರತಿ ಮುಚ್ಚಳಕ್ಕೂ ಬಿಳಿ ಬಟ್ಟೆಯ ಪುಟ್ಟ ಮೆತ್ತೆ ಒತ್ತಿದಳು. ಆರೂ ಮೆತ್ತೆಗಳನ್ನು ಒಂದೇ ಬಟ್ಟೆಯ ಪಟ್ಟಿಗೆ ಹೊಲಿದಳು. ಪಟ್ಟಿಯ ತುದಿ ಹಿಡಿದು ಎಳೆದರೆ ಆರೂ ಬಾಯಿ ಒಟ್ಟಿಗೆ ತೆರೆಯುತ್ತವೆ. ಕಣ್ಣು ಮುಚ್ಚಿ ಎಳೆದೆಳೆದು ನೋಡಿದಳು. ಮಕ್ಕಳು ಹುಟ್ಟುವ ಜಾಗಕ್ಕೆ ಹೋಗುವ ಬಟ್ಟೆ, ಅದರಲ್ಲಿ ಒಂದು ಚುಕ್ಕೆಯೂ ಇರಬಾರದು. ಮನೆಯಲ್ಲಿದ್ದ ಹಳೆಯ ಹತ್ತಿಯ ಬಟ್ಟೆಯನ್ನು ಎರಡು ಸಲ ಸೋಡಾದಲ್ಲಿ ಕುದಿಸಿ ಹಾಲಿನಂತೆ ಬೆಳ್ಳಗೆ ಮಾಡಿದ್ದಳು. ಗಂಡ ಅದನ್ನು ಅಂಚು ಕೂಡಿಸಿ ತೀಡಿದ್ದ.

"ಮದುವೆ ದಿನವೂ ನನ್ನ ಅಂಗಿ ಇಷ್ಟು ಬೆಳ್ಳಗಿರಲಿಲ್ಲ ಕಣೇ."

"ಅವತ್ತು ಒಗೆದವಳು ನಾನಲ್ಲ ರೀ."

ಆರೋಗ್ಯ ಕೇಂದ್ರದ ನರ್ಸುಗಳಿಗೆಲ್ಲ ಮೇಲಿನವರು ಒಬ್ಬ ಹಿರಿಯಾಕೆ. ಎಲ್ಲರೂ ದೊಡ್ಡ ಸಿಸ್ಟರ್ ಎನ್ನುತ್ತಿದ್ದರು. ಚೀಲಕ್ಕೆ ಏನು ಸೇರಬೇಕು, ಏನು ಸೇರಬಾರದು ಎಂಬುದು ಅವರ ಕೈಯಲ್ಲಿ. ಟೀಚರು ಅವರನ್ನು ಕೇಳಿ ಒಂದು ದಿನ ಗೊತ್ತು ಮಾಡಿಸಿದರು. ದಿನ ಮುಂದೆ ಮುಂದೆ ಹೋಯಿತು. ಅಷ್ಟರಲ್ಲಿ ಮೋಡ ಮುಸುಕಿ ಹವೆ ತೇವಗೊಂಡಿತು. ಮಾಡಿಟ್ಟ ದೀಪಗಳು ಕಪಾಟಿನಲ್ಲಿ ಕಾದವು.

ಕೊನೆಗೂ ಕರೆ ಬಂತು. ಔಷಧಿ ಉಗ್ರಾಣದ ಕಿಟಕಿ ಮುಚ್ಚಿ ಕತ್ತಲು ಮಾಡಿದರು. ದೊಡ್ಡ ಸಿಸ್ಟರ್, ಟೀಚರು, ನೀಲಕ್ಕ, ಬಾಗಿಲ ಬಳಿ ಮಗಳು ಮತ್ತು ಇನ್ನಿಬ್ಬರು ನರ್ಸುಗಳು. ನೀಲಕ್ಕ ಪಟ್ಟಿ ಎಳೆದಳು. ಟೀಚರು ಗಾಯದ ನೀರು ಸುರಿದರು.

ಏನೂ ಆಗಲಿಲ್ಲ.

ಇನ್ನೊಂದು ಬಿಚ್ಚಿದರು. ಕತ್ತಲಲ್ಲಿ ಒಂದು ಚುಕ್ಕಿ ಕೆಂಪಗೆ ಹೊಳೆದಂತಾಗಿ, ಕಣ್ಣು ಪಿಳುಕಿಸುವಷ್ಟರಲ್ಲಿ ಆರಿತು.

"ಮಿಂಚುಹುಳಕ್ಕೆ ನೆಗಡಿ ಆದ ಹಾಗಿದೆ," ಎಂದರು ದೊಡ್ಡ ಸಿಸ್ಟರ್. ಬಾಗಿಲ ಬಳಿ ಯಾರೋ ಕಿಸಕ್ಕೆಂದರು. ಕಿಟಕಿ ತೆರೆದಾಗ ಮಗಳು ನಗುತ್ತಿರಲಿಲ್ಲ; ನೆಲ ನೋಡುತ್ತಿದ್ದಳು. ಅದೇ ನೀಲಕ್ಕನಿಗೆ ಹೆಚ್ಚು ಚುಚ್ಚಿತು.

ಟೀಚರು, "ನನ್ನ ಲೆಕ್ಕ ಎಲ್ಲೋ ತಪ್ಪಿದೆ, ಗಾಯದ ನೀರೂ ಹಳೆಯದಿರಬಹುದು," ಎನ್ನುತ್ತಿದ್ದರು. ನೀಲಕ್ಕ ಕೈಯಲ್ಲಿದ್ದ ಬಿಳಿ ಪಟ್ಟಿಯನ್ನು ಬೆಳಕಿಗೆ ತಿರುಗಿಸಿದಳು. ಪ್ರತಿ ಮೆತ್ತೆಯ ಮೇಲೂ ಕಂದು ಕಲೆ. ರಕ್ತದ ಕಲೆಯಲ್ಲ, ಅದನ್ನು ಅವಳು ನಿದ್ದೆಯಲ್ಲೂ ಗುರುತಿಸುತ್ತಾಳೆ. ಇದು ತುಕ್ಕು. ಕಪ್ಪು ಬಟ್ಟೆಯನ್ನು ಓರೆ ಹಿಡಿದಳು. ಕಾಗೆ ರೆಕ್ಕೆಯ ಮಿಂಚು ಇರಲಿಲ್ಲ.

ಪಟ್ಟಿಯನ್ನು ಸೆರಗಿಗೆ ಸಿಕ್ಕಿಸಿಕೊಂಡು ಮನೆಗೆ ಬಂದಳು. ಹಿತ್ತಿಲ ಕಲ್ಲಿನ ಮೇಲೆ ಕೂತು, ಮೆತ್ತೆಯನ್ನು ಒದ್ದೆ ಮಾಡಿ ಎರಡು ಬೆರಳ ನಡುವೆ ಉಜ್ಜಿದಳು. ಬೆರಳು ಜಾರಿತು. ಸೋಡಾ ಬಿಡದ ಬಟ್ಟೆ ಹಾಗೇ ಜಾರುವುದು. ಜಾರಿದ ಬೆರಳಿನ ಜೊತೆಗೇ ಒಂದು ಗದರಿಕೆ ನೆನಪಿಗೆ ಬಂತು. ಅಜ್ಜಿಯದು. ಒಗೆಯುವ ಕಲ್ಲಿನ ಬಳಿ ನೀಲಿಯ ಬೋಗುಣಿ ಹಿಡಿದು ನಿಂತ ಅಜ್ಜಿ: "ಸೋಪು ಬಿಡದ ಬಟ್ಟೆಗೆ ನೀಲಿ ಹಾಕ್ತೀಯಾ? ನಾಳೆ ನೋಡು, ತುಕ್ಕು ಎದ್ದಿರುತ್ತೆ!" ಈಗಿನ ಅಂಗಡಿಯ ನೀಲಿಯಲ್ಲಿ ಹಾಗಾಗುವುದಿಲ್ಲ. ಹಾಗಾಗಿ ಅಜ್ಜಿಯ ಮಾತನ್ನು ಅವಳು ಅಜ್ಜಿಯೊಂದಿಗೇ ಕಳುಹಿಸಿಬಿಟ್ಟಿದ್ದಳು.

ಆಸ್ಪತ್ರೆಯಲ್ಲಾಗಿದ್ದರೆ ಕೊನೆಗೆ ಹುಳಿ ನೀರು ಇರುತ್ತಿತ್ತು. ಮನೆಯಲ್ಲಿ ಯಾರು ಹಾಕುತ್ತಾರೆ? ಬೆಳ್ಳಗಾಗಲಿ ಎಂಬ ಒಂದೇ ಹಟದಲ್ಲಿ ಎರಡು ಸಲ ಸೋಡಾ ಹಾಕಿ, ಸರಿಯಾಗಿ ತಿಳಿನೀರೂ ಕಾಣಿಸದೆ, ಆ ಬಟ್ಟೆಯನ್ನು ತಾನೇ ನೀಲಿಯ ಎದೆಗೆ ಒತ್ತಿದ್ದಳು. ತೇವದ ಗಾಳಿಯಲ್ಲಿ ಸೋಡಾ ಕರಗಿ ನೀಲಿಯನ್ನು ಸದ್ದಿಲ್ಲದೆ ತಿಂದಿತ್ತು.

ಗಂಡ ಕುಂಟುತ್ತ ಬಂದು ಪಕ್ಕದಲ್ಲಿ ನಿಂತ. ವಿಷಯ ಕೇಳಿದ ಮೇಲೆ, "ಟೀಚರಮ್ಮನಿಗೆ ಗೊತ್ತಾ?" ಎಂದ.

"ಇನ್ನೂ ಇಲ್ಲ. ಅವರು ತಮ್ಮ ಲೆಕ್ಕ ತಪ್ಪಿದೆ ಅಂದುಕೊಂಡಿದಾರೆ."

"ಹಾಗಾದ್ರೆ?"

"ಹಾಗಾದ್ರೆ ಏನು? ಹೇಳದಿದ್ದರೆ ಅವರು ಸರಿ ಇರೋದನ್ನ ತಿದ್ದೋಕೆ ಕೂರ್ತಾರೆ." ಅವಳು ಎದ್ದಳು. "ನಾನು ಹೋಗಿಬರ್ತೀನಿ."

ಟೀಚರು ಸಿಟ್ಟಾಗಲಿಲ್ಲ. ಸೋಡಾ ನೀರಿನ ಒಂದು ಹನಿಯನ್ನು ಹೊಸ ತುಂಡಿನ ಮೇಲೆ ಬಿಟ್ಟರು. ನೀಲಿ ಕಂದಾಗುವುದನ್ನು ಇಬ್ಬರೂ ತಲೆ ಕೂಡಿಸಿ ನೋಡಿದರು. ಹುಳಿಯಲ್ಲಿ ಗಟ್ಟಿಯಾಗಿ ಕೂರುವ ನೀಲಿ ಸೋಡಾ ಕಂಡರೆ ಕರಗಿ ಕಬ್ಬಿಣದ ತುಕ್ಕನ್ನಷ್ಟೇ ಉಳಿಸುತ್ತದೆ ಎಂದು ಟೀಚರು ಹೇಳಿದರು. "ನಿಮ್ಮ ಅಜ್ಜಿಯ ಕಾಲದ ನೀಲಿಯಲ್ಲೂ ಇದೇ ಕಬ್ಬಿಣ ಇದ್ದಿರಬೇಕು. ನಾನು ಪುಸ್ತಕದಲ್ಲಿ ಓದಿದ್ದೆ ನೀಲಕ್ಕ. ಬಟ್ಟೆಯ ಮೆತ್ತೆ ಅಂದಾಗ ನನಗಾದರೂ ಹೊಳೀಬೇಕಿತ್ತು."

"ಇಬ್ಬರಿಗೂ ಹೊಳೀಲಿಲ್ಲ, ಬಿಡಿ. ದೀಪಕ್ಕೇ ಹೊಳೀಲಿಲ್ಲ, ಇನ್ನು ನಮಗೆಲ್ಲಿ," ಎಂದಳು ನೀಲಕ್ಕ. ಬೆಳಗಿನಿಂದ ಮೊದಲ ಸಲ ಇಬ್ಬರೂ ನಕ್ಕರು.

ಹೊಸ ಬಟ್ಟೆ ಒಗೆದಳು. ಸೋಪು, ತಿಳಿನೀರು, ಮತ್ತೆ ತಿಳಿನೀರು, ಕೊನೆಗೆ ನಿಂಬೆ ಉಪ್ಪಿನ ಹುಳಿ ನೀರು. ಬೆರಳಿಗೆ ಜಾರುತ್ತದೆಯೇ ಎಂದು ಪ್ರತಿ ಮೆತ್ತೆಯನ್ನೂ ಉಜ್ಜಿ ನೋಡಿದಳು. ಈ ಸಲ ಬಟ್ಟೆ ಅಷ್ಟೇನೂ ಬೆಳ್ಳಗಾಗಲಿಲ್ಲ. ಗಂಡ ಮೂಗು ಮುರಿದ. "ಇರ್ಲಿ ಬಿಡಿ," ಎಂದಳು.

ದೊಡ್ಡ ಸಿಸ್ಟರ್ ಎರಡನೆಯ ಸಲ ಅಷ್ಟು ಸುಲಭವಾಗಿ ಸಿಗಲಿಲ್ಲ. ನೀಲಕ್ಕ ಉಡದ ಪಟ್ಟು ಹಿಡಿದಳು. ಆರೋಗ್ಯ ಕೇಂದ್ರದ ಬೆಂಚಿನ ಮೇಲೆ ರೋಗಿಗಳ ನಡುವೆ ಹೋಗಿ ಕೂರುತ್ತಿದ್ದಳು. ಕರೆಯದಿದ್ದರೆ ಎದ್ದು ಬಂದು, ಮರುದಿನ ಮತ್ತೆ ಹೋಗುತ್ತಿದ್ದಳು. ಕೊನೆಗೊಂದು ದಿನ ದೊಡ್ಡ ಸಿಸ್ಟರೇ ಹೊರಬಂದರು.

"ನಿಮಗೇನು ಕಾಯಿಲೆ ಅಮ್ಮ?"

"ನನ್ನ ದೀಪಕ್ಕೆ ನೆಗಡಿ ಅಂದಿದ್ರಲ್ಲ ಸಿಸ್ಟರ್. ವಾಸಿಯಾಗಿದೆ. ತೋರಿಸೋಣ ಅಂತ ಬಂದೆ."

ಅವರ ತುಟಿ ಸ್ವಲ್ಪ ಸಡಿಲಾಯಿತು. "ಇವತ್ತು ಉರಿದರೆ ನನಗೇನು ಉಪಯೋಗ? ಮಳೆಗಾಲ ಪೂರ್ತಿ ಒಂದು ಚೀಲದಲ್ಲಿ ಬಿದ್ದಿರಲಿ. ನೆನೀಲಿ, ಎತ್ತಿ ಎಸೆದಾಡಲಿ. ಮಳೆ ಬಿಟ್ಟ ಮೇಲೆ ನಾನೇ ಬಿಚ್ತೀನಿ. ಉರಿದರೆ ಎಲ್ಲಾ ಚೀಲಕ್ಕೂ. ಇಲ್ಲದಿದ್ದರೆ ಮತ್ತೆ ಈ ಬೆಂಚಿಗೆ ಬರಬಾರದು."

"ಆಗಲಿ," ಎಂದಳು ನೀಲಕ್ಕ.

ಯಾರ ಚೀಲ ಎಂದು ಕೇಳುವುದೇ ಬೇಕಿರಲಿಲ್ಲ. ಆದರೆ ಮಗಳು ಒಪ್ಪಲಿಲ್ಲ.

"ನನ್ನ ಚೀಲ ಈಗಲೇ ಕತ್ತೆ ಹೇರು. ಅದಲ್ಲದೆ, ಇನ್ನೊಂದು ಸಲ ಕೆಟ್ಟರೆ ಅಲ್ಲಿ ಎಲ್ಲರೂ ನಿನ್ನ ನೋಡಿ ನಗ್ತಾರೆ. ನನಗದನ್ನ ನೋಡೋಕಾಗಲ್ಲ ಅಮ್ಮ."

ಅಂದು ಮಗಳು ಯಾಕೆ ನೆಲ ನೋಡಿದ್ದಳೆಂದು ನೀಲಕ್ಕನಿಗೆ ಈಗ ತಿಳಿಯಿತು. ಅವಳು ಮಾತಿಗೆ ಮಾತು ಬೆಳೆಸಲಿಲ್ಲ. ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಬಿಳಿ ಪುಡಿ ಕಟ್ಟಿದ ಟಾರ್ಚನ್ನು ಹೊರತೆಗೆದು, ಅದರ ಜಾಗದಲ್ಲಿ ದೀಪದ ಪಟ್ಟಿಯನ್ನೂ ನಿಂಬೆ ಉಪ್ಪಿನ ಪೊಟ್ಟಣವನ್ನೂ ಇಟ್ಟಳು.

"ಎತ್ತಿ ನೋಡು. ಮೊದಲಿಗಿಂತ ಹಗುರ."

"ನಿನ್ನ ಹಟ!" ಎಂದಳು ಮಗಳು.

"ನಗೋರು ನಗಲಿ. ಅವರ ಹಲ್ಲು, ಅವರ ಬಾಯಿ."

ಒಳಗಿನಿಂದ ಗಂಡನ ದನಿ ಬಂತು: "ತಗೊಂಡು ಹೋಗಮ್ಮ. ಅದರಲ್ಲಿ ಅವಳ ಒಗೆತ ಇದೆ, ನನ್ನ ಇಸ್ತ್ರಿ ಇದೆ. ಸಂಸಾರವೇ ಚೀಲದಲ್ಲಿದ್ದ ಹಾಗೆ."

ಮಳೆಗಾಲ ದೀರ್ಘವಾಗಿತ್ತು. ಚೀಲ ಒದ್ದೆಯಾಗಿ ಬಂದು ಗೂಟಕ್ಕೆ ನೇತುಬೀಳುತ್ತಿತ್ತು, ಒಣಗುವ ಮೊದಲೇ ಮತ್ತೆ ಹೊರಡುತ್ತಿತ್ತು. ಬಿಚ್ಚಿ ನೋಡುವ ಆಸೆ ನೀಲಕ್ಕನ ಬೆರಳ ತುದಿಗೆ ಬಂದು ನಿಲ್ಲುತ್ತಿತ್ತು. ಒಮ್ಮೆಯೂ ಮುಟ್ಟಲಿಲ್ಲ. ಸೀಲು ಒಡೆದ ಪರೀಕ್ಷೆಗೆ ಬೆಲೆಯಿಲ್ಲ ಎಂದು ಅವಳಿಗೆ ಗೊತ್ತಿತ್ತು. ಶಾಲೆಯ ಕೋಣೆಗೆ ಹೋಗಿ ನೀಲಿ ಅದ್ದುತ್ತಿದ್ದಳು, ಒಣಗಿಸುತ್ತಿದ್ದಳು, ಓರೆ ಹಿಡಿದು ನೋಡುತ್ತಿದ್ದಳು. ಟೀಚರು ಒಮ್ಮೆ, "ಒಪ್ಪದಿದ್ದರೆ ಇಷ್ಟೆಲ್ಲ ಏನು ಮಾಡೋದು?" ಎಂದರು. "ಒಪ್ಪಿದರೆ ಇಷ್ಟೂ ಸಾಲದೆ ಬರುತ್ತಲ್ಲ, ಅದನ್ನ ಯೋಚನೆ ಮಾಡಿ," ಎಂದಳು.

ಮಳೆ ಬಿಟ್ಟಿತು. ಹೇಳಿದ ದಿನ ನೀಲಕ್ಕನೂ ಟೀಚರೂ ಉಗ್ರಾಣಕ್ಕೆ ಹೋದರು. ದೊಡ್ಡ ಸಿಸ್ಟರ್ ಕಿಟಕಿ ಮುಚ್ಚುವ ಮೊದಲು ಮಗಳ ಚೀಲಕ್ಕೆ ಕೈ ಹಾಕಿ ದೀಪದ ಪಟ್ಟಿಯನ್ನು ಹೊರತೆಗೆದರು. ಅವರ ಹುಬ್ಬು ಗಂಟಾಯಿತು. ಮೆತ್ತೆಗಳಿರಲಿಲ್ಲ. ಆರು ಮುಚ್ಚಳಗಳೂ ಬಾಯಿ ತೆರೆದುಕೊಂಡಿದ್ದವು.

"ಇದನ್ನ ಯಾರು ಬಿಚ್ಚಿದ್ದು?"

"ನಾನು ಸಿಸ್ಟರ್," ಎಂದಳು ಮಗಳು. "ಮೊನ್ನೆ ಕೊನೆಯ ಮಳೆಯಲ್ಲಿ, ನದಿಯಾಚೆ. ಇವತ್ತು ನಿಮ್ಮ ಎದುರೇ ಹೇಳೋಣ ಅಂತಿದ್ದೆ."

"ಪರೀಕ್ಷೆಗೆ ಇಟ್ಟಿದ್ದನ್ನ ಖರ್ಚು ಮಾಡಿದ್ರೆ ನಾನು ಏನಂತ ನೋಡ್ಲಿ?"

"ಕರೆಂಟು ಹೋಗಿ ಎರಡು ದಿನ ಆಗಿತ್ತು. ಮಗುವಿನ ಕೊರಳಿಗೆ ಹೊಕ್ಕುಳ ಬಳ್ಳಿ ಸುತ್ತಿಕೊಂಡಿತ್ತು. ಎಷ್ಟು ಸುತ್ತು ಅಂತ ನೋಡಬೇಕಿತ್ತು." ಮಗಳ ದನಿ ಏರಲೂ ಇಲ್ಲ, ಇಳಿಯಲೂ ಇಲ್ಲ. "ಮಳೆ ಬಿಡಲಿ, ದೊಡ್ಡ ಸಿಸ್ಟರ್ ಬರ್ಲಿ ಅಂತ ಮಗುವಿಗೆ ಹೇಳೋಕಾಗುತ್ತಾ?"

ದೊಡ್ಡ ಸಿಸ್ಟರ್ ಪಟ್ಟಿಯನ್ನು ತಿರುಗಿಸಿ ನೋಡಿದರು.

"ಕಂಡಿತಾ?" ಎಂದರು.

"ಎರಡು ಸುತ್ತು. ಬಿಡಿಸಿದೆ. ಅತ್ತಿತು."

ನೀಲಕ್ಕ ಮಗಳನ್ನು ನೋಡಿದಳು. ಮಗಳು ಈ ಸಲ ನೆಲ ನೋಡಲಿಲ್ಲ. ಮನೆಯಲ್ಲಿ ಒಂದು ಮಾತೂ ಹೇಳಿರಲಿಲ್ಲ, ಕಳ್ಳಿ!

"ನಿನ್ನ ಮಾತು ನಂಬ್ತೀನಿ," ಎಂದರು ದೊಡ್ಡ ಸಿಸ್ಟರ್, ನಿಧಾನವಾಗಿ. "ಆದರೆ ಎಲ್ಲಾ ಚೀಲಕ್ಕೂ ಹಾಕಿಸಬೇಕು ಅಂದ್ರೆ ನನ್ನ ಕಣ್ಣಿಂದ ನೋಡಬೇಕಲ್ಲ. ಇದು ಮುಗಿದುಹೋಗಿದೆ."

"ಕೊಡಿ ಇಲ್ಲಿ." ನೀಲಕ್ಕ ಪಟ್ಟಿಯನ್ನು ಕೈಗೆ ತೆಗೆದುಕೊಂಡಳು. ಒಂದು ತುಂಡನ್ನು ಕಿಟಕಿಯ ಬೆಳಕಿಗೆ ಓರೆ ಹಿಡಿದಳು. ಅಲ್ಲಲ್ಲಿ ಮಾಸಿತ್ತು. ಆದರೂ ಕಾಗೆ ರೆಕ್ಕೆಯ ಮಿಂಚು ಇತ್ತು. "ಇದನ್ನ ತೊಳೆದೆಯಾ?" ಎಂದು ಮಗಳನ್ನು ಕೇಳಿದಳು.

"ಹುಳಿ ನೀರಲ್ಲಿ ಅಲ್ಲಾಡಿಸಿ ನೆರಳಲ್ಲಿ ಒಣಗಿಸಿದೆ. ನೀನು ಮಾಡೋದನ್ನ ಇಷ್ಟು ದಿನ ನೋಡಿಲ್ವಾ?"

ನೀಲಕ್ಕ ಬಾಗಿದ ಒಂದು ಜಾಲರಿಯನ್ನು ಉಗುರಿನಿಂದ ನೆಟ್ಟಗೆ ಮಾಡಿ, ಪಟ್ಟಿಯನ್ನು ದೊಡ್ಡ ಸಿಸ್ಟರ್ ಮುಂದೆ ಇಟ್ಟಳು. "ನೀವೇ ಸುರೀರಿ."

ಕಿಟಕಿ ಮುಚ್ಚಿತು. ಕತ್ತಲಲ್ಲಿ ಬಾಟಲಿಯ ಬಾಯಿ ಮುಚ್ಚಳಕ್ಕೆ ತಾಗುವ ಸದ್ದು. ಸಣ್ಣಗೆ ಗುಳ್ಳೆ ಏಳುವ ಸದ್ದು. ಮೊದಲು ಬಂದದ್ದು ಬೆಳಕೆಂದೇ ಹೇಳಲಾಗದ ಒಂದು ಮಬ್ಬು. ಆಮೇಲೆ ಅದು ಅಕ್ಕಿಕಾಳಾಗಿ ನಿಂತಿತು. ಹೊಸ ದೀಪದಷ್ಟಿರಲಿಲ್ಲ, ಆದರೆ ಅಲುಗಲಿಲ್ಲ. ಅದರ ಸುತ್ತ ಮೊದಲು ದೊಡ್ಡ ಸಿಸ್ಟರ್ ಅವರ ಬೆರಳುಗಳು ಕಂಡವು, ಆಮೇಲೆ ಕನ್ನಡಕ.

ಅವರು ಕಪಾಟಿನಿಂದ ಎಲ್ಲಕ್ಕಿಂತ ಪುಟ್ಟ ಔಷಧಿ ಸೀಸೆ ತೆಗೆದು, ಬೆಳಕಿನ ಬಳಿ ಹಿಡಿದು, ಅದರ ಮೇಲಿನ ಸಣ್ಣ ಅಕ್ಷರಗಳನ್ನು ತುಟಿಯಲ್ಲೇ ಓದಿದರು. ಓದಿ ಮುಗಿಸಿದ ಮೇಲೂ ಸ್ವಲ್ಪ ಹೊತ್ತು ಅಲ್ಲೇ ಹಿಡಿದಿದ್ದರು.

"ನೆಗಡಿ ವಾಸಿಯಾಗಿದೆ," ಎಂದರು.

ಮಗಳು ಕಿಟಕಿ ತೆರೆದಳು. ಬಿಸಿಲು ನುಗ್ಗಿ ದೀಪವನ್ನು ನುಂಗಿತು. ಅದು ಉರಿಯುತ್ತಲೇ ಇತ್ತು, ಕಾಣುತ್ತಿರಲಿಲ್ಲ, ಅಷ್ಟೇ.

"ಹದಿನೆಂಟು ಚೀಲ ಇದೆ ನಮ್ಮಲ್ಲಿ," ಎಂದರು ದೊಡ್ಡ ಸಿಸ್ಟರ್. "ಯಾವಾಗ ಕೊಡ್ತೀರಿ?"

ಟೀಚರು ಲೆಕ್ಕ ಹಾಕತೊಡಗಿದರು. ನೀಲಕ್ಕ ಕಿಟಕಿಯ ಹೊರಗೆ ಕತ್ತು ಚಾಚಿ ಆಕಾಶ ನೋಡಿದಳು. ಮೋಡದ ಒಂದು ಎಳೆಯೂ ಇರಲಿಲ್ಲ.

"ಒಳ್ಳೆ ಬಿಸಿಲಿದೆ," ಎಂದಳು. "ಮೆತ್ತೆಯ ಬಟ್ಟೆ ಇವತ್ತೇ ನೆನೆಹಾಕ್ತೀನಿ."